ಹವಾಯಿ ದ್ವೀಪಸರಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹವಾಯಿ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಮೊದಲು ನೆನಪಾಗುವುದು ಚಪ್ಪಲಿ, ಆಮೇಲೆ ತೆಂಗಿನ ಮರ ಬಾಗಿದ ಕಡಲತೀರ. ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋದ ತಂದೆತಾಯಿ ಈಗ ಅಲ್ಲಿಗೂ ಒಂದು ಸುತ್ತು ಹೋಗಿಬರುತ್ತಾರೆ. ಹೋಗುವ ಮುನ್ನ ಮತ್ತು ಬಂದ ಮೇಲೆ ಅವರ ಬಾಯಲ್ಲಿ ಬರುವ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದೆ. ಕಲ್ಲಿನ ಬಗ್ಗೆ ಕೇಳಿ, ಹಕ್ಕಿಯ ಬಗ್ಗೆ ಕೇಳಿ, ಊಟದ ಬಗ್ಗೆ ಕೇಳಿ, ಅದು ಅಲ್ಲಿಗೆ ಯಾವಾಗ ಬಂತು, ಯಾರ ಜೊತೆ ಬಂತು ಎಂಬುದನ್ನು ಹೇಳದೆ ಉತ್ತರ ಮುಗಿಯುವುದಿಲ್ಲ.

ಹವಾಯಿ ಎಲ್ಲಿದೆ? ಒಟ್ಟು ಎಷ್ಟು ದ್ವೀಪಗಳು?

ಪೆಸಿಫಿಕ್ ಮಹಾಸಾಗರದ ನಟ್ಟನಡುವೆ, ಕರ್ಕಾಟಕ ಸಂಕ್ರಾಂತಿ ವೃತ್ತದ ಸ್ವಲ್ಪ ಕೆಳಗೆ. ಅಮೆರಿಕದ ಪಶ್ಚಿಮ ಕರಾವಳಿಯಿಂದ ಸುಮಾರು 3,800 ಕಿಲೋಮೀಟರ್ ದೂರ. ದೊಡ್ಡ ದ್ವೀಪಗಳು ಎಂಟು: ನೀಹಾವು, ಕವಾಯಿ, ಓವಾಹು, ಮೊಲೊಕಾಯಿ, ಲಾನಾಯಿ, ಕಹೋಲವೆ, ಮಾವಿ ಮತ್ತು ಹವಾಯಿ. ಇಡೀ ರಾಜ್ಯಕ್ಕೂ ಒಂದು ದ್ವೀಪಕ್ಕೂ ಒಂದೇ ಹೆಸರಿರುವುದರಿಂದ ಗೊಂದಲ ತಪ್ಪಿಸಲು ಆ ದ್ವೀಪವನ್ನು ಅಲ್ಲಿಯವರು ‘ಬಿಗ್ ಐಲ್ಯಾಂಡ್’ ಎನ್ನುತ್ತಾರೆ. ಇಲ್ಲಿ ಅದನ್ನು ದೊಡ್ಡ ದ್ವೀಪ ಎಂದೇ ಕರೆದಿದ್ದೇನೆ. ವಿಸ್ತೀರ್ಣದಲ್ಲಿ ಅದು ಹೆಚ್ಚುಕಡಿಮೆ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟಿದೆ. ಉಳಿದ ಏಳನ್ನೂ ಕೂಡಿಸಿದರೆ ಅದಕ್ಕಿಂತ ಕಡಿಮೆ. ಆದರೆ ಜನ ಇರುವುದು ಓವಾಹುವಿನಲ್ಲಿ. ರಾಜ್ಯದ ಸುಮಾರು 14 ಲಕ್ಷ ಜನರಲ್ಲಿ ಮೂರನೇ ಎರಡು ಪಾಲು ರಾಜಧಾನಿ ಹೊನೊಲುಲು ಇರುವ ಆ ಒಂದೇ ದ್ವೀಪದಲ್ಲಿದ್ದಾರೆ.

ಈ ಎಂಟರ ಆಚೆ, ವಾಯವ್ಯಕ್ಕೆ, ಬಂಡೆಗಳು ಮತ್ತು ಹವಳದ ದಿಬ್ಬಗಳು ಸಾಲಾಗಿ ಮುಂದುವರಿಯುತ್ತವೆ. ಕೊನೆಯ ಕುರೆ ದಿಬ್ಬದವರೆಗೆ ಅಳೆದರೆ ಸರಣಿಯ ಉದ್ದ ಸುಮಾರು 2,400 ಕಿಲೋಮೀಟರ್.

ಸಮುದ್ರದ ನಡುವೆ ಇಷ್ಟು ದೊಡ್ಡ ಬೆಟ್ಟಗಳು ಹುಟ್ಟಿದ್ದು ಹೇಗೆ? ಅದೂ ಸಾಲಾಗಿ?

ಜಗತ್ತಿನ ಬಹುಪಾಲು ಜ್ವಾಲಾಮುಖಿಗಳು ಭೂಫಲಕಗಳ ಅಂಚಿನಲ್ಲಿವೆ. ಹವಾಯಿ ಇರುವುದು ಪೆಸಿಫಿಕ್ ಫಲಕದ ಮಧ್ಯದಲ್ಲಿ. ಇದು ಬಹುಕಾಲ ಒಗಟಾಗಿತ್ತು. 1963ರಲ್ಲಿ ಕೆನಡಾದ ಭೂವಿಜ್ಞಾನಿ ಟುಜೋ ವಿಲ್ಸನ್ ಒಂದು ವಿವರಣೆ ಕೊಟ್ಟರು. ಭೂಮಿಯ ಆಳದಲ್ಲಿ ಅಲುಗಾಡದ ಒಂದು ಬಿಸಿ ತಾಣವಿದೆ. ಅದರ ಮೇಲೆ ಫಲಕ ಸರಿಯುತ್ತಿದೆ. ತಾಣದ ನೇರಕ್ಕೆ ಇರುವಾಗ ನೆಲ ತೂತಾಗಿ ಲಾವಾ ಉಕ್ಕಿ ಬೆಟ್ಟ ಬೆಳೆಯುತ್ತದೆ. ಫಲಕ ಮುಂದೆ ಸರಿದ ಮೇಲೆ ಆ ಬೆಟ್ಟಕ್ಕೆ ಶಿಲಾರಸದ ಪೂರೈಕೆ ನಿಲ್ಲುತ್ತದೆ. ಹಿಂದಿನಿಂದ ಬಂದ ಜಾಗದಲ್ಲಿ ಹೊಸ ಬೆಟ್ಟ ಶುರುವಾಗುತ್ತದೆ. ಫಲಕದ ವೇಗ ವರ್ಷಕ್ಕೆ 7ರಿಂದ 10 ಸೆಂಟಿಮೀಟರ್.

ಆದ್ದರಿಂದ ದ್ವೀಪಗಳು ವಯಸ್ಸಿನ ಕ್ರಮದಲ್ಲೇ ನಿಂತಿವೆ. ಆಗ್ನೇಯ ತುದಿಯ ದೊಡ್ಡ ದ್ವೀಪಕ್ಕೆ ಹತ್ತು ಲಕ್ಷ ವರ್ಷವೂ ಆಗಿಲ್ಲ, ಅದು ಇನ್ನೂ ಬೆಳೆಯುತ್ತಿದೆ. ಕವಾಯಿಗೆ ಸುಮಾರು 50 ಲಕ್ಷ ವರ್ಷ. ಮಳೆ ಅದನ್ನು ಕೊರೆದು ಕಣಿವೆಗಳ ನಾಡು ಮಾಡಿದೆ. ಇನ್ನೂ ಮುಂದೆ ಹೋದರೆ ಬೆಟ್ಟ ಕರಗಿ, ತನ್ನದೇ ಭಾರಕ್ಕೆ ಕುಸಿದು, ಹವಳದ ಉಂಗುರವೊಂದೇ ನೀರಿನ ಮೇಲೆ ಉಳಿಯುತ್ತದೆ. ಅದರಾಚೆ ಉಂಗುರವೂ ಇಲ್ಲ. ಎಂಪರರ್ ಎಂಬ ಮುಳುಗಿದ ಬೆಟ್ಟಗಳ ಸಾಲು ಉತ್ತರಕ್ಕೆ ತಿರುಗಿ ರಷ್ಯಾದ ಕಮ್ಚಾಟ್ಕಾದ ಬಳಿಯವರೆಗೆ ಹೋಗುತ್ತದೆ. ಅಲ್ಲಿನ ಅತ್ಯಂತ ಹಳೆಯ ಬೆಟ್ಟಕ್ಕೆ ಸುಮಾರು ಎಂಟು ಕೋಟಿ ವರ್ಷ.

ಮುಂದಿನ ಕುಡಿಯೂ ಸಿದ್ಧವಾಗುತ್ತಿದೆ. ದೊಡ್ಡ ದ್ವೀಪದ ಆಗ್ನೇಯಕ್ಕೆ ಕಡಲೊಳಗೆ ಕಮಎಹುವಕನಲೋವಾ ಎಂಬ ಜ್ವಾಲಾಮುಖಿ ಇದೆ. ಹಳೆಯ ಪುಸ್ತಕಗಳಲ್ಲಿ ಅದರ ಹೆಸರು ಲೋಇಹಿ. ಅದರ ತುದಿ ನೀರಿನ ಮಟ್ಟದಿಂದ ಇನ್ನೂ ಸುಮಾರು ಒಂದು ಕಿಲೋಮೀಟರ್ ಕೆಳಗಿದೆ. ನಿವೇಶನ ಕಾಯ್ದಿರಿಸಲು ಆತುರ ಬೇಡ.

ಎವರೆಸ್ಟ್‌ಗಿಂತ ಎತ್ತರದ ಪರ್ವತ ಅಲ್ಲಿದೆ ಎನ್ನುತ್ತಾರೆ, ನಿಜವೇ?

ಎಲ್ಲಿಂದ ಅಳೆಯುತ್ತೀರಿ ಎಂಬುದರ ಮೇಲಿದೆ. ಸಮುದ್ರಮಟ್ಟದಿಂದ ಮೌನಾ ಕೇಯಾ 4,207 ಮೀಟರ್ ಅಷ್ಟೇ. ಕಡಲತಳದಲ್ಲಿರುವ ಬುಡದಿಂದ ಅಳೆದರೆ ಎವರೆಸ್ಟನ್ನು ಮೀರಿಸುತ್ತದೆ. ರಸಪ್ರಶ್ನೆಗೆ ಒಳ್ಳೆಯ ಸರಕು. ಪಕ್ಕದ ಮೌನಾ ಲೋವಾ (4,169 ಮೀಟರ್) ಎತ್ತರದಲ್ಲಿ ತುಸು ಕಡಿಮೆಯಾದರೂ ಗಾತ್ರದಲ್ಲಿ ಬಹಳ ದೊಡ್ಡದು. ಕೆಳಗೆ ನಿಂತು ನೋಡಿದರೆ ಪರ್ವತ ಎಂದು ನಂಬಿಕೆಯೇ ಬರುವುದಿಲ್ಲ. ಬೋರಲು ಹಾಕಿದ ಗುರಾಣಿಯ ಹಾಗೆ ಅಷ್ಟು ನಿಧಾನವಾಗಿ ಏರುತ್ತದೆ. ತೆಳು ಲಾವಾ ದೂರದವರೆಗೆ ಹರಿದು ಪದರ ಪದರವಾಗಿ ಕೂತದ್ದರ ಫಲ ಅದು.

ಕರ್ನಾಟಕಕ್ಕೂ ಇಂಥ ಭೂಚರಿತ್ರೆಗೂ ಏನಾದರೂ ನಂಟಿದೆಯೇ?

ಇದೆ, ನಮ್ಮ ಶಾಲೆಗಳಲ್ಲಿ ಅದನ್ನು ಹೇಳಿಕೊಡುವುದು ಕಡಿಮೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ ಕಡೆಯ ಎರೆಮಣ್ಣು ಹುಟ್ಟಿದ್ದು ದಖನ್ನಿನ ಕಪ್ಪು ಲಾವಾ ಕಲ್ಲು ಶಿಥಿಲಗೊಂಡು. ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಭಾರತದ ಫಲಕ ಇಂಥದ್ದೇ ಇನ್ನೊಂದು ಬಿಸಿ ತಾಣದ ಮೇಲಿದ್ದಾಗ. ಫಲಕ ಉತ್ತರಕ್ಕೆ ಸರಿದ ದಾರಿಯಲ್ಲಿ ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್‌ಗಳ ತಳಪಾಯ, ಆಮೇಲೆ ಮಾರಿಷಸ್ ಎದ್ದವು. ಈಗ ಆ ತಾಣ ರಿಯೂನಿಯನ್ ದ್ವೀಪದ ಕೆಳಗಿದೆ. ಅಲ್ಲಿನ ಪಿಟನ್ ದ ಲಾ ಫೂರ್ನೇಸ್ ಇಂದಿಗೂ ಉಕ್ಕುತ್ತದೆ. ಹವಾಯಿಯ ಸಾಲಿನಂತೆ ಇದೂ ಒಂದು ಸಾಲು. ವಿಜಯಪುರದ ರೈತ ಅದರ ಹಳೆಯ ತುದಿಯಲ್ಲಿ ಜೋಳ ಬಿತ್ತುತ್ತಿದ್ದಾನೆ.

ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳನ್ನೂ ಇದಕ್ಕೇ ಸೇರಿಸಿ ಹೇಳುವುದುಂಟು. ಅದು ಬೇರೆ ಕಥೆ: ಅವು ಇನ್ನೂ ಹಳೆಯವು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದವು.

ಜ್ವಾಲಾಮುಖಿಗಳು ಈಗಲೂ ಉಕ್ಕುತ್ತಿವೆಯೇ? ನೋಡಲು ಹೋಗುವುದು ಅಪಾಯವಲ್ಲವೇ?

ಉಕ್ಕುತ್ತಿವೆ. ದೊಡ್ಡ ದ್ವೀಪದ ಕಿಲವೇಯಾ ಜಗತ್ತಿನ ಅತಿ ಚುರುಕಿನ ಜ್ವಾಲಾಮುಖಿಗಳಲ್ಲಿ ಒಂದು. 1983ರಲ್ಲಿ ಶುರುವಾದ ಒಂದು ಉಕ್ಕು 2018ರವರೆಗೆ ಮೂವತ್ತೈದು ವರ್ಷ ನಡೆಯಿತು. ಆ ವರ್ಷ ಮೇ ತಿಂಗಳಲ್ಲಿ ತಪ್ಪಲಿನ ಬಡಾವಣೆಯ ರಸ್ತೆಗಳೇ ಸೀಳಿ ಲಾವಾ ಹೊರಬಂತು. 700ಕ್ಕೂ ಹೆಚ್ಚು ಮನೆಗಳು ಹೋದವು. ಕಪೋಹೋ ಎಂಬಲ್ಲಿದ್ದ ಹಸಿರು ಕೆರೆ ಕೆಲವೇ ಗಂಟೆಗಳಲ್ಲಿ ಆವಿಯಾಗಿ, ಅದರ ಜಾಗದಲ್ಲಿ ಕಪ್ಪು ಕಲ್ಲು ಉಳಿಯಿತು. ಇನ್ನೊಂದು ಕಡೆ ಕಡಲಿಗೆ ಇಳಿದ ಲಾವಾ ಸುಮಾರು 350 ಹೆಕ್ಟೇರ್ ಹೊಸ ನೆಲ ಕಟ್ಟಿತು. ಮೌನಾ ಲೋವಾ 38 ವರ್ಷ ಸುಮ್ಮನಿದ್ದು 2022ರ ನವೆಂಬರ್‌ನಲ್ಲಿ ಎದ್ದಿತು. ಕಿಲವೇಯಾದ ನೆತ್ತಿಯ ಕುಳಿಯಲ್ಲಿ 2024ರ ಡಿಸೆಂಬರ್‌ನಿಂದ ಬಿಟ್ಟು ಬಿಟ್ಟು ಬೆಂಕಿಯ ಕಾರಂಜಿ ಏಳತೊಡಗಿತು. ಕೆಲವು 300 ಮೀಟರ್ ಮೀರಿ ಚಿಮ್ಮಿದವು.

ಅಪಾಯದ ಮಾತು: ಇಲ್ಲಿನ ಲಾವಾದಲ್ಲಿ ಸಿಲಿಕಾ ಕಡಿಮೆ, ಅನಿಲ ಸುಲಭವಾಗಿ ಹೊರಬೀಳುತ್ತದೆ, ಹಾಗಾಗಿ ಬೆಟ್ಟವೇ ಸಿಡಿದುಹೋಗುವ ಸ್ಫೋಟ ಅಪರೂಪ. ಅಪರೂಪ ಎಂದರೆ ಇಲ್ಲವೇ ಇಲ್ಲ ಎಂದಲ್ಲ; 1790ರಲ್ಲಿ ಕಿಲವೇಯಾ ಸ್ಫೋಟಿಸಿದಾಗ ಅದರ ಪಕ್ಕದಲ್ಲಿ ಸಾಗುತ್ತಿದ್ದ ಕಿಯೋವಾ ಎಂಬ ದೊರೆಯ ಸೈನ್ಯದ ಒಂದು ಭಾಗ, ಹೆಂಗಸರು ಮಕ್ಕಳ ಸಮೇತ ಸತ್ತಿತು. ಇಂದು ಭೇಟಿ ಕೊಡುವವರಿಗೆ ಕಾಣದ ಶತ್ರು ಗಂಧಕದ ಡೈಆಕ್ಸೈಡ್. ಆಸ್ತಮಾ ಇರುವವರು, ಗರ್ಭಿಣಿಯರು, ಚಿಕ್ಕ ಮಕ್ಕಳು ಗಾಳಿಯ ದಿಕ್ಕು ನೋಡಿಕೊಂಡೇ ಹೋಗಬೇಕು. 1912ರಲ್ಲಿ ಥಾಮಸ್ ಜಗ್ಗರ್ ಸ್ಥಾಪಿಸಿದ ವೀಕ್ಷಣಾಲಯ ದಿನದಿನದ ಸ್ಥಿತಿ ಪ್ರಕಟಿಸುತ್ತದೆ. ಅದನ್ನು ಓದದೆ ಹೊರಡಬೇಡಿ; ಬೇಲಿ ದಾಟಿ ಫೋಟೋ ತೆಗೆಯುವವರ ಜೊತೆ ಸೇರಬೇಡಿ.

ಲಾವಾದಲ್ಲಿ ಎರಡು ಬಗೆ ಎನ್ನುತ್ತಾರಲ್ಲ?

ಪಹೋಯ್‌ಹೋಯ್ ಮತ್ತು ಅಆ. ಎರಡೂ ಹವಾಯಿ ಜನರು ಇಟ್ಟ ಹೆಸರುಗಳೇ, ಪ್ರಪಂಚದ ಎಲ್ಲ ಭೂವಿಜ್ಞಾನಿಗಳೂ ಅವನ್ನೇ ಬಳಸುತ್ತಾರೆ. ಮೊದಲನೆಯದು ನುಣುಪು. ಮೇಲ್ಪದರ ಆರಿ ತೊಗಲಾಗುತ್ತಿದ್ದಂತೆ ಒಳಗಿನ ರಸ ಇನ್ನೂ ಹರಿಯುತ್ತಿರುತ್ತದೆ. ಕಾಯಿಸಿದ ಹಾಲಿನ ಕೆನೆಯನ್ನು ಸೌಟಿನಿಂದ ಒಂದು ಬದಿಗೆ ತಳ್ಳಿದಾಗ ಬೀಳುವಂಥ ಮಡಿಕೆಗಳು ಅದರ ಮೇಲೆ ಮೂಡುತ್ತವೆ, ಹಾಗೆಯೇ ಕಲ್ಲಾಗುತ್ತವೆ. ಎರಡನೆಯದು ಚೂಪುಚೂಪಾದ ಕಲ್ಲಿನ ರಾಶಿ. ಬರಿಗಾಲಲ್ಲಿ ನಡೆಯುವ ಮಾತೇ ಇಲ್ಲ, ತೆಳು ಅಟ್ಟೆಯ ಹವಾಯಿ ಚಪ್ಪಲಿಯೂ ಸಾಲದು. ಬಗ್ಗಿ ನೋಡಿದರೆ ಕೆಲವು ಕಡೆ ಬಂಡೆಯ ಸಂದಿಗಳಲ್ಲಿ ಹೊಂಬಣ್ಣದ ಎಳೆಗಳು ಸಿಕ್ಕಿಕೊಂಡಿರುತ್ತವೆ. ಚಿಮ್ಮಿದ ಲಾವಾ ಗಾಳಿಯಲ್ಲಿ ಎಳೆದಂತಾಗಿ ಗಾಜಿನ ಕೂದಲಾದದ್ದು ಅದು, ಅದಕ್ಕೆ ಪೆಲೆಯ ಕೂದಲು ಎಂದೇ ಹೆಸರು. ಮುಟ್ಟಬೇಡಿ, ಚರ್ಮದೊಳಗೆ ಮುರಿದುಕೊಳ್ಳುತ್ತದೆ.

ಪೆಲೆ ಯಾರು?

ಜ್ವಾಲಾಮುಖಿಯ ದೇವಿ. ಅಕ್ಕ ನಾಮಕಓಕಹಾಯಿ ಕಡಲಿನ ದೇವಿ, ಅಕ್ಕತಂಗಿಯರಿಗೆ ಜಗಳ. ಪೆಲೆ ಮೊದಲು ವಾಯವ್ಯದ ದ್ವೀಪಗಳಲ್ಲಿ ಬೆಂಕಿಯ ಗುಂಡಿ ತೋಡಿದಳು, ಅಕ್ಕ ನೀರು ನುಗ್ಗಿಸಿ ಆರಿಸಿದಳು. ಕವಾಯಿ, ಓವಾಹು, ಮಾವಿ ಎಂದು ಒಂದೊಂದೇ ದ್ವೀಪ ದಾಟುತ್ತ ಕೊನೆಗೆ ಕಿಲವೇಯಾದ ಹಲೆಮಉಮಉ ಕುಳಿಯಲ್ಲಿ ನೆಲೆ ನಿಂತಳು. ದ್ವೀಪಗಳ ವಯಸ್ಸಿನ ಕ್ರಮವನ್ನು ಟುಜೋ ವಿಲ್ಸನ್‌ಗಿಂತ ಬಹಳ ಮೊದಲೇ ಈ ಕಥೆ ಹೇಳಿಬಿಟ್ಟಿತ್ತು. ಸವೆದ ಬೆಟ್ಟ ಯಾವುದು, ಹೊಸ ಬೆಟ್ಟ ಯಾವುದು ಎಂದು ಕಣ್ಣಿನಲ್ಲೇ ಅಳೆದವರ ಕಥೆ ಇದು. ಪೆಲೆಯನ್ನು ಪುರಾಣದ ಪಾತ್ರ ಎಂದು ತಳ್ಳಿಹಾಕಬೇಡಿ. ಇಂದಿಗೂ ಕುಳಿಯ ಅಂಚಿಗೆ ಬಂದು ಮಂತ್ರ ಹಾಡಿ ಹೂವು, ಎಲೆ ಇಟ್ಟುಹೋಗುವ ಕುಟುಂಬಗಳಿವೆ.

ಅಲ್ಲಿ ಮಳೆ ಎಷ್ಟು? ಯಾವ ತಿಂಗಳು ಹೋಗಬೇಕು?

ತಿಂಗಳಿಗಿಂತ ದಿಕ್ಕು ಮುಖ್ಯ. ಈಶಾನ್ಯದಿಂದ ವಾಣಿಜ್ಯ ಮಾರುತ ವರ್ಷವಿಡೀ ಬೀಸುತ್ತದೆ. ಬೆಟ್ಟಕ್ಕೆ ತಾಗಿದ ಬದಿಯಲ್ಲಿ ಮಳೆ ಸುರಿದು ಮತ್ತೊಂದು ಬದಿ ಮಳೆನೆರಳಾಗುತ್ತದೆ. ಕವಾಯಿಯ ವೈಅಲೆಅಲೆ ಶಿಖರದಲ್ಲಿ ವರ್ಷಕ್ಕೆ 9,000 ಮಿಲಿಮೀಟರ್ ಮೀರಿದ ಮಳೆ, ಅಂದರೆ ನಮ್ಮ ಆಗುಂಬೆಯನ್ನೂ ಮೀರಿಸಿದ್ದು. ಅಲ್ಲಿಂದ ಕೆಲವೇ ಹತ್ತು ಕಿಲೋಮೀಟರ್ ಆಚೆ ಒಣ ಕುರುಚಲು. ದೊಡ್ಡ ದ್ವೀಪದಲ್ಲಿ ಹಿಲೋ ಪಟ್ಟಣದ ಅಂಗಳಗಳಲ್ಲಿ ಪಾಚಿ ಕಟ್ಟಿರುತ್ತದೆ. ಪಶ್ಚಿಮದ ಕವೈಹಯೆ ಕಡೆ ಬಿಜಾಪುರಕ್ಕಿಂತ ಒಣ. ನಮ್ಮಲ್ಲಿ ಘಟ್ಟದಿಂದ ಬಯಲುಸೀಮೆಗೆ ಇಳಿಯಲು ಅರ್ಧ ದಿನ ಬೇಕು, ಅಲ್ಲಿ ಒಂದೆರಡು ಗಂಟೆ ಸಾಕು. ಹಿಲೋದ ಬೀಚಿನಿಂದ ಮೌನಾ ಕೇಯಾದ ನೆತ್ತಿಗೆ ಕಾರಿನಲ್ಲಿ ಏರಿದರೆ ಚಳಿಗಾಲದಲ್ಲಿ ಹಿಮ ಸಿಗುವುದೂ ಉಂಟು, ಜೊತೆಗೆ ಆಮ್ಲಜನಕದ ಕೊರತೆಯಿಂದ ತಲೆನೋವೂ.

ಹವಾಯಿಯಲ್ಲಿ ಹಾವೇ ಇಲ್ಲವಂತೆ?

ಮನುಷ್ಯ ಬರುವ ಮೊದಲು ನೆಲದ ಮೇಲೆ ಹಾವು, ಹಲ್ಲಿ, ಕಪ್ಪೆ ಯಾವುದೂ ಇರಲಿಲ್ಲ. ಸೊಳ್ಳೆಯೂ ಇರಲಿಲ್ಲ, ಇರುವೆಯೂ ಇರಲಿಲ್ಲ. ನೆಲದ ಸಸ್ತನಿ ಎಂದರೆ ಒಂದು ಬಾವಲಿ. ಯಾವ ಖಂಡಕ್ಕೂ ಎಂದೂ ಅಂಟಿಕೊಂಡಿರದ ನೆಲ ಅದು. ರೆಕ್ಕೆಯಿದ್ದವು, ಗಾಳಿಯಲ್ಲಿ ತೇಲಿದವು, ಹಕ್ಕಿಯ ಪುಕ್ಕಕ್ಕೆ ಅಂಟಿದವು, ಅಲೆಯಲ್ಲಿ ಕೊಚ್ಚಿಬಂದವು ಮಾತ್ರ ತಲುಪಿದವು. ತಲುಪಿದ ಕೆಲವೇ ಜೀವಿಗಳು ಒಂದರಿಂದ ಹತ್ತಾದವು, ಹೊಸ ರೂಪ ಪಡೆದವು. ಅಲ್ಲಿನ ಮೂಲ ಹೂಗಿಡಗಳಲ್ಲಿ ಹತ್ತರಲ್ಲಿ ಒಂಬತ್ತು ಜಗತ್ತಿನ ಬೇರೆಲ್ಲೂ ಇಲ್ಲ. ಮೇಯುವ ಪ್ರಾಣಿಯೇ ಇಲ್ಲದ್ದರಿಂದ ಕೆಲವು ಗಿಡಗಳು ಮುಳ್ಳನ್ನೂ ಬಿಟ್ಟುಕೊಟ್ಟವು. ಹೊರಗಿನಿಂದ ಹಂದಿ, ಆಡು ಬಂದಾಗ ಅವಕ್ಕೆ ಕಾವಲೇ ಇರಲಿಲ್ಲ.

ನಮ್ಮ ಕಡೆಯಿಂದ ಹೋದವರದೂ ಒಂದು ಪಾಲಿದೆ. ಕಬ್ಬಿನ ತೋಟದ ಇಲಿಗಳನ್ನು ಹಿಡಿಯಲೆಂದು 1883ರಲ್ಲಿ ಮುಂಗುಸಿ ತರಿಸಿದರು. ಭಾರತ ಮೂಲದ ಆ ಮುಂಗುಸಿಗಳು ಬಂದದ್ದು ಜಮೈಕಾದ ಮೂಲಕ. ಇಲಿ ಓಡಾಡುವುದು ರಾತ್ರಿ, ಮುಂಗುಸಿಯ ಬೇಟೆ ಹಗಲು. ಇಲಿಗಳು ಇದ್ದಂತೆಯೇ ಇದ್ದವು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಖಾಲಿಯಾಯಿತು. ಬೆಳೆಯ ಹುಳು ತಿನ್ನಲೆಂದು 1860ರ ದಶಕದಲ್ಲಿ ಬಂದ ನಮ್ಮ ಗೊರವಂಕ ಈಗ ಹೊನೊಲುಲುವಿನ ಪ್ರತಿ ಬಸ್ ನಿಲ್ದಾಣದಲ್ಲೂ ಸಿಗುತ್ತದೆ. ಭಾರತದಿಂದ ಹೋದವರಿಗೆ ಮೊದಲು ಕಾಣಿಸುವ ಪರಿಚಿತ ಮುಖ ಅದೇ.

ಅಲ್ಲಿನ ಹಕ್ಕಿಗಳು ಅಳಿಯುತ್ತಿವೆ ಎಂಬ ಸುದ್ದಿ ಏಕೆ ಬರುತ್ತಿರುತ್ತದೆ?

ಲಕ್ಷಾಂತರ ವರ್ಷಗಳ ಹಿಂದೆ ಏಷ್ಯಾದ ಕಡೆಯಿಂದ ಬಂದ ಒಂದು ಬಗೆಯ ಗುಬ್ಬಚ್ಚಿಯಂಥ ಫಿಂಚ್ ಹಕ್ಕಿಯಿಂದ ಐವತ್ತಕ್ಕೂ ಹೆಚ್ಚು ಜಾತಿಯ ಹನಿಕ್ರೀಪರ್‌ಗಳು ಹುಟ್ಟಿಕೊಂಡವು. ಹೂವಿನ ಬಾಗಿಗೆ ತಕ್ಕ ಬಾಗಿದ ಕೊಕ್ಕು, ಕಾಯಿ ಒಡೆಯಲು ಗಿಳಿಯಂಥ ಕೊಕ್ಕು, ತೊಗಟೆ ಕೆದಕಲು ಮೇಲೊಂದು ಕೆಳಗೊಂದು ಅಳತೆಯ ಕೊಕ್ಕು. ಗ್ಯಾಲಪಗಸ್‌ನ ಫಿಂಚ್‌ಗಳಿಗೆ ಹೆಸರು ಬಂತು, ಇವಕ್ಕೆ ಬರಲಿಲ್ಲ. ಬರಬೇಕಾದದ್ದು ಇವಕ್ಕೆ ಎಂಬುದು ನನ್ನ ಅಭಿಪ್ರಾಯ. 1826ರ ಸುಮಾರಿಗೆ ಮಾವಿಯ ಲಹೈನಾದಲ್ಲಿ ಹಡಗಿನ ನೀರಿನ ಪೀಪಾಯಿಗಳ ಜೊತೆ ಸೊಳ್ಳೆ ಇಳಿಯಿತು. ಮುಂದೆ ತಂದ ಸಾಕುಹಕ್ಕಿಗಳೊಂದಿಗೆ ಹಕ್ಕಿ ಮಲೇರಿಯಾ ಬಂತು. ರೋಗ ನಿರೋಧಕ ಶಕ್ತಿಯೇ ಇರದ ಹನಿಕ್ರೀಪರ್‌ಗಳಲ್ಲಿ ಕೆಲವಕ್ಕೆ ಒಂದು ಸೊಳ್ಳೆಯ ಕಡಿತ ಸಾಕು. ಚಳಿಯಿಂದ ಸೊಳ್ಳೆ ಬದುಕದ ಎತ್ತರದ ಕಾಡುಗಳಿಗೆ ಅವು ಹಿಮ್ಮೆಟ್ಟಿದವು. ಈಗ ತಾಪಮಾನ ಏರಿ ಸೊಳ್ಳೆಯೂ ಬೆಟ್ಟ ಹತ್ತುತ್ತಿದೆ, ಮೇಲೆ ಇನ್ನು ಬೆಟ್ಟವಿಲ್ಲ. 2023ರಲ್ಲಿ ಅಮೆರಿಕ ಸರ್ಕಾರ ಹವಾಯಿಯ ಎಂಟು ಹಕ್ಕಿಗಳನ್ನು ಅಳಿದವೆಂದು ಘೋಷಿಸಿತು. ಅವುಗಳಲ್ಲಿ ಕವಾಯಿಯ ಓಓ ಹಕ್ಕಿಯ ಕೂಗು ಕೊನೆಯದಾಗಿ ಕೇಳಿದ್ದು 1987ರಲ್ಲಿ. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇರುವ ಗಂಡು ಸೊಳ್ಳೆಗಳನ್ನು ಕಾಡಿಗೆ ಬಿಡುವ ಕೆಲಸ ಮಾವಿಯಲ್ಲಿ 2023ರಿಂದ ನಡೆಯುತ್ತಿದೆ. ಅವು ಕಾಡಿನ ಹೆಣ್ಣಿನೊಡನೆ ಕೂಡಿದರೆ ಮೊಟ್ಟೆ ಮರಿಯಾಗುವುದಿಲ್ಲ.

ಸೋಲುಗಳ ನಡುವೆ ಒಂದು ಗೆಲುವು ನೇನೇ ಬಾತು. ಕೆನಡಾ ಬಾತಿನ ನಂಟ. ಕಲ್ಲಿನ ಮೇಲೆ ನಡೆದು ಬೆರಳ ನಡುವಿನ ಜಾಲ ಕುಗ್ಗಿದೆ. 1950ರ ಹೊತ್ತಿಗೆ ಮೂವತ್ತರಷ್ಟೇ ಉಳಿದಿದ್ದವು. ಹವಾಯಿಯಲ್ಲೂ ಇಂಗ್ಲೆಂಡಿನ ಸ್ಲಿಮ್‌ಬ್ರಿಜ್‌ನಲ್ಲೂ ಸಾಕಿ ಮರಿ ಮಾಡಿಸಿ ಬಿಟ್ಟರು. ಈಗ 3,000 ದಾಟಿವೆ, ಕವಾಯಿಯ ಗಾಲ್ಫ್ ಮೈದಾನಗಳಲ್ಲಿ ಧೈರ್ಯವಾಗಿ ಹುಲ್ಲು ಮೇಯುತ್ತವೆ. ಆ ದ್ವೀಪದಲ್ಲಿ ಮುಂಗುಸಿ ನೆಲೆಯೂರಿಲ್ಲ ಎಂಬುದು ಕಾಕತಾಳೀಯವಲ್ಲ.

ಬರಿ ಲಾವಾ ಕಲ್ಲಿನ ಮೇಲೆ ಏನು ಬೆಳೆಯುತ್ತದೆ?

ಜರಿಗಿಡ, ಕಲ್ಲುಹೂವು, ಮತ್ತು ಓಹಿಯಾ ಲೆಹುವಾ ಮರ. ಕೇಸರಗಳ ಕೆಂಪು ಕುಚ್ಚಿನಂಥ ಹೂ. ನಮ್ಮ ನೇರಳೆಯ ಕುಟುಂಬದ್ದು. ಕಲ್ಲಿನ ಬಿರುಕಿನಲ್ಲಿ ಗೇಣುದ್ದದ ಗಿಡವಾಗಿಯೂ ಹೂ ಬಿಡುತ್ತದೆ, ಮಳೆಕಾಡಿನಲ್ಲಿ ದೊಡ್ಡ ಮರವಾಗಿಯೂ ನಿಲ್ಲುತ್ತದೆ. ಜ್ವಾಲಾಮುಖಿಯ ಹೊಗೆ ಬಂದಾಗ ಎಲೆಯ ರಂಧ್ರ ಮುಚ್ಚಿಕೊಂಡು ಕಾಯುತ್ತದೆ. ಲೆಹುವಾ ಕಿತ್ತರೆ ಮಳೆ ಬರುತ್ತದೆ ಎಂದು ಮಕ್ಕಳಿಗೆ ಹೇಳುತ್ತಾರೆ. ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಒಂದು ಶಿಲೀಂಧ್ರ ರೋಗ ಈ ಮರಗಳನ್ನು ಲಕ್ಷಗಟ್ಟಲೆ ಕೊಂದಿದೆ. ಕಾಡುದಾರಿಯ ಬಾಯಲ್ಲಿ ಬೂಟು ಉಜ್ಜಲು ಬ್ರಷ್ ಇಟ್ಟಿರುತ್ತಾರೆ. ಉಜ್ಜಿಯೇ ಒಳಗೆ ಹೋಗಿ.

ಮೊದಲು ಅಲ್ಲಿ ಹೋಗಿ ನೆಲೆಸಿದವರು ಯಾರು? ಹೇಗೆ ಹೋದರು?

ಪಾಲಿನೇಷ್ಯದವರು, ಸುಮಾರು ಸಾವಿರ ವರ್ಷಗಳ ಹಿಂದೆ, ಜೋಡಿದೋಣಿಗಳಲ್ಲಿ, ದಕ್ಷಿಣದ ದ್ವೀಪಗಳಿಂದ 4,000 ಕಿಲೋಮೀಟರ್ ತೆರೆದ ಕಡಲು ದಾಟಿ. ದಿಕ್ಸೂಚಿ ಇಲ್ಲ, ನಕ್ಷೆ ಇಲ್ಲ. ನಕ್ಷತ್ರ ಹುಟ್ಟುವ ಮುಳುಗುವ ಬಿಂದು, ಅಲೆಗಳು ದೋಣಿಗೆ ಬಡಿಯುವ ಬಗೆ, ಸಂಜೆ ಹಕ್ಕಿ ಮರಳುವ ದಿಕ್ಕು ಇಷ್ಟೇ ದಾರಿದೀಪ. ಇದು ಸಾಧ್ಯವೇ ಇಲ್ಲ, ದಿಕ್ಕುತಪ್ಪಿ ತೇಲಿಬಂದಿರಬೇಕು ಎಂದು ಇಪ್ಪತ್ತನೆಯ ಶತಮಾನದ ಕೆಲವು ವಿದ್ವಾಂಸರು ವಾದಿಸಿದರು. ವಾದಕ್ಕೆ ಉತ್ತರವಾಗಿ 1976ರಲ್ಲಿ ಹೊಕುಲೆಯಾ ಎಂಬ ಜೋಡಿದೋಣಿ ಉಪಕರಣಗಳಿಲ್ಲದೆ ಹವಾಯಿಯಿಂದ ಟಹೀಟಿಗೆ ಹೋಯಿತು. ಹವಾಯಿಯಲ್ಲಿ ಆ ವಿದ್ಯೆ ಬಲ್ಲವರು ಯಾರೂ ಉಳಿದಿರಲಿಲ್ಲ. ಮೈಕ್ರೋನೇಷ್ಯದ ಸತವಾಲ್ ದ್ವೀಪದ ಮೌ ಪಿಯೈಲುಗ್ ದಾರಿ ತೋರಿಸಿದರು. ಒಂದು ತಿಂಗಳು ದಾಟಿದ ಮೇಲೆ ಪಪೀಟೆಯ ಬಂದರಿನಲ್ಲಿ ಸಾವಿರಾರು ಜನ ಕಾದಿದ್ದರು.

ಅವರ ಊಟ ಏನು? ನಮ್ಮವರಿಗೆ ಹಿಡಿಸುತ್ತದೆಯೇ?

ದೋಣಿಯಲ್ಲಿ ಅವರು ಕಟ್ಟಿಕೊಂಡು ಹೋದ ಗಿಡಗಳ ಪಟ್ಟಿ ನೋಡಿ: ಕೆಸು, ತೆಂಗು, ಬಾಳೆ, ಕಬ್ಬು, ಜೀಗುಜ್ಜೆ, ಅರಿಶಿನ, ಗೆಣಸು. ಕರಾವಳಿಯ ಯಾರದೋ ಹಿತ್ತಲಿನ ಪಟ್ಟಿ ಓದಿದಂತಿದೆ. ಗೆಣಸು ಮಾತ್ರ ದಕ್ಷಿಣ ಅಮೆರಿಕದ್ದು, ಅಂದರೆ ಆ ನಾವಿಕರು ಅಲ್ಲಿಯವರೆಗೂ ಹೋಗಿದ್ದರು ಎಂಬ ಊಹೆಗೆ ಅದು ದೊಡ್ಡ ಆಧಾರ.

ಎಲ್ಲಕ್ಕಿಂತ ಹಿರಿದು ಕೆಸು, ಅವರ ಮಾತಿನಲ್ಲಿ ಕಲೊ. ನೀರು ನಿಲ್ಲಿಸಿದ ಗದ್ದೆಗಳಲ್ಲಿ ಬೆಳೆಯುತ್ತಾರೆ. ಗಡ್ಡೆಯನ್ನು ಚೆನ್ನಾಗಿ ಬೇಯಿಸುತ್ತಾರೆ. ಬೇಯದಿದ್ದರೆ ಗಂಟಲು ತುರಿಸುವುದು ಅಲ್ಲೂ ಅಷ್ಟೇ. ಸಿಪ್ಪೆ ಕೆರೆದು ಅಗಲವಾದ ಮರದ ಹಲಗೆಯ ಮೇಲಿಟ್ಟು, ಲಾವಾ ಕಲ್ಲಿನ ಗುಂಡಿನಿಂದ ಜಜ್ಜುತ್ತ, ಅಂಟದ ಹಾಗೆ ಕೈ ನೀರಿನಲ್ಲಿ ಅದ್ದಿಕೊಳ್ಳುತ್ತ ನಾದುತ್ತಾರೆ. ತಿಳಿನೇರಳೆ ಬಣ್ಣದ ಅಂಟು ಮುದ್ದೆಯಾಗುತ್ತದೆ. ನೀರು ಬೆರೆಸಿ ಸಡಿಲ ಮಾಡಿದರೆ ಅದೇ ಪೊಯ್. ಒಂದೆರಡು ದಿನ ಇಟ್ಟು ಹುಳಿ ಬಂದಮೇಲೆ ಉಣ್ಣುವವರೇ ಹೆಚ್ಚು. ಬೆರಳಲ್ಲಿ ತೆಗೆದು ತಿನ್ನುವುದು ರೂಢಿ, ಎಷ್ಟು ಗಟ್ಟಿ ಎಂಬುದನ್ನು ಒಂದು ಬೆರಳಿನ ಪೊಯ್, ಎರಡು ಬೆರಳಿನ ಪೊಯ್ ಎಂದೇ ಹೇಳುತ್ತಾರೆ. ಪ್ರವಾಸಿಗರು ಬಹುಪಾಲು ಮುಖ ಸಿಂಡರಿಸುತ್ತಾರೆ. ರಾಗಿಮುದ್ದೆ ನುಂಗಿ ಬೆಳೆದವರಿಗೆ, ಹುಳಿ ಅಂಬಲಿ ಕುಡಿದವರಿಗೆ ಅಷ್ಟೇನೂ ಕಷ್ಟವಾಗದು. ಕೆಸುವಿನ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಲೌಲೌ ಕಂಡರೆ ಪತ್ರೊಡೆ ನೆನಪಾಗುವುದು ಸಹಜ, ಆದರೆ ಒಳಗಿರುವುದು ಹಂದಿಮಾಂಸ. ಕೇಳಿ ತಿನ್ನಿ.

ಕೆಸು ಅವರಿಗೆ ಬೆಳೆಯಷ್ಟೇ ಅಲ್ಲ, ಒಡಹುಟ್ಟು. ಆಕಾಶದ ತಂದೆ ವಾಕಿಯಾ ಮತ್ತು ಹೊಒಹೊಕುಕಲನಿಗೆ ಹುಟ್ಟಿದ ಮೊದಲ ಮಗು ಜೀವವಿಲ್ಲದೆ ಬಂತು. ಹೂತ ಜಾಗದಲ್ಲಿ ಕೆಸು ಚಿಗುರಿತು. ಎರಡನೆಯ ಮಗ ಹಾಲೋವಾ, ಮನುಷ್ಯರ ಮೂಲಪುರುಷ. ಅಣ್ಣ ಉಣಿಸಬೇಕು, ತಮ್ಮ ಅಣ್ಣನನ್ನು ನೋಡಿಕೊಳ್ಳಬೇಕು. ಬೆಟ್ಟದ ನೆತ್ತಿಯಿಂದ ಹವಳದ ದಿಬ್ಬದವರೆಗೆ ಒಂದು ಹಳ್ಳದ ನೀರು ಹರಿಯುವಷ್ಟನ್ನೂ ಒಂದೇ ಆಡಳಿತದ ತುಂಡಾಗಿ (ಅಹುಪುಅಅ) ಹಂಚಿಕೊಂಡಿದ್ದ ಜನ ಇವರು. ಇಂದು ಅದೇ ರಾಜ್ಯ ತನ್ನ ಆಹಾರದ ಬಹುಪಾಲನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತದೆ.

ಅಲ್ಲೂ ಶ್ರೀಗಂಧ ಬೆಳೆಯುತ್ತದಂತೆ?

ಬೆಳೆಯುತ್ತದೆ, ನಮ್ಮ ಶ್ರೀಗಂಧದ ಕುಲದ್ದೇ ಬೇರೆ ಜಾತಿಗಳು, ಇಲಿಅಹಿ ಎಂದು ಹೆಸರು. 1810ರಲ್ಲಿ ದ್ವೀಪಗಳನ್ನೆಲ್ಲ ಒಂದು ಮಾಡಿದ ಮೊದಲನೆಯ ಕಮೆಹಮೆಹಾ ಅದರ ವ್ಯಾಪಾರವನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ. 1819ರಲ್ಲಿ ಅವನು ಸತ್ತ ಮೇಲೆ ಸಾಮಂತರಿಗೆ ಲಗಾಮು ಇಲ್ಲವಾಯಿತು. ಹಡಗು, ರೇಷ್ಮೆ, ಗಾಜು ಎಲ್ಲವನ್ನೂ ಗಂಧದ ಮೇಲಿನ ಸಾಲಕ್ಕೆ ಕೊಂಡರು. ಗಂಧ ಚೀನಾದ ಕ್ಯಾಂಟನ್‌ಗೆ ಹೋಗುತ್ತಿತ್ತು. ಸಾಮಾನ್ಯ ಜನರು ಕೆಸುವಿನ ಗದ್ದೆ ಬಿಟ್ಟು ಬೆಟ್ಟ ಹತ್ತಿ ಮರ ಕಡಿದು ಬೆನ್ನಮೇಲೆ ಹೊತ್ತು ಇಳಿಯಬೇಕಾಯಿತು. ಮೊಲೊಕಾಯಿಯ ಕಾಡಿನಲ್ಲಿ ಇಂದಿಗೂ ಒಂದು ಗುಂಡಿ ಇದೆ, ಹಡಗಿನ ಹೊಟ್ಟೆಯ ಆಕಾರಕ್ಕೆ, ಅದೇ ಅಳತೆಗೆ ಅಗೆದದ್ದು. ಗುಂಡಿ ತುಂಬಿದರೆ ಒಂದು ಹಡಗಿಗೆ ಸರಕು ಸಿದ್ಧ ಎಂದು ಲೆಕ್ಕ. 1830ರ ದಶಕ ಮುಗಿಯುವಷ್ಟರಲ್ಲಿ ಕಡಿಯಲು ಮರವಿರಲಿಲ್ಲ. ಸಾಲ ಉಳಿದಿತ್ತು.

ಹವಾಯಿ ಅಮೆರಿಕಕ್ಕೆ ಸೇರಿದ್ದು ಹೇಗೆ?

ಇಷ್ಟಪಟ್ಟು ಸೇರಿತು ಎಂದು ಹೇಳುವವರು ಇತಿಹಾಸ ಓದಿಲ್ಲ. ಜೇಮ್ಸ್ ಕುಕ್ 1778ರಲ್ಲಿ ಬಂದ, ಮರುವರ್ಷ ಕೆಅಲಕೆಕುವಾ ಕೊಲ್ಲಿಯಲ್ಲಿ ಕೊಲೆಯಾದ. ಹಿಂದೆಯೇ ಸಿಡುಬು, ದಡಾರದಂಥ ರೋಗಗಳು ಬಂದು ಜನಸಂಖ್ಯೆ ಕುಸಿಯಿತು. 1820ರಲ್ಲಿ ಮಿಷನರಿಗಳು ಬಂದರು. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಕೆಲವರು ಕಬ್ಬಿನ ತೋಟಗಳ ಒಡೆಯರಾದರು. 1893ರ ಜನವರಿ 17ರಂದು ಅಂಥ ವ್ಯಾಪಾರಸ್ಥರ ಗುಂಪೊಂದು, ಅಮೆರಿಕದ ನೌಕಾಪಡೆಯ ತುಕಡಿ ಬಂದರಿನಲ್ಲಿ ಇಳಿದು ನಿಂತಿರುವಾಗ, ರಾಣಿ ಲಿಲಿಉವೊಕಲಾನಿಯನ್ನು ಪದಚ್ಯುತಗೊಳಿಸಿತು. 1898ರಲ್ಲಿ ಅಮೆರಿಕ ದ್ವೀಪಗಳನ್ನು ತನ್ನದಾಗಿಸಿಕೊಂಡಿತು, 1959ರಲ್ಲಿ ಐವತ್ತನೆಯ ರಾಜ್ಯ ಮಾಡಿತು. ರಾಣಿಯನ್ನು ಇಳಿಸಿದ ನೂರು ವರ್ಷಕ್ಕೆ, 1993ರಲ್ಲಿ, ಅಮೆರಿಕದ ಸಂಸತ್ತು ಅಧಿಕೃತವಾಗಿ ಕ್ಷಮೆ ಕೇಳಿತು. ಕ್ಷಮೆಯ ಜೊತೆ ಭೂಮಿ ಮರಳಲಿಲ್ಲ.

ತೋಟಗಳಿಗೆ ಕೂಲಿಗಳಾಗಿ ಚೀನಾ, ಜಪಾನ್, ಪೋರ್ಚುಗಲ್, ಕೊರಿಯಾ, ಫಿಲಿಪೀನ್ಸ್‌ಗಳಿಂದ ಬಂದವರ ವಂಶಸ್ಥರೇ ಇಂದಿನ ಬಹುಪಾಲು ಜನ. ಹವಾಯಿಯದೆಂದು ಎಲ್ಲರೂ ನಂಬಿರುವ ಉಕುಲೆಲೆಯೂ 1879ರಲ್ಲಿ ಮಡೀರಾದಿಂದ ಬಂದ ಪೋರ್ಚುಗೀಸ್ ವಲಸಿಗರ ಪುಟ್ಟ ಗಿಟಾರಿನಿಂದ ಹುಟ್ಟಿದ್ದು.

ಹವಾಯಿ ಭಾಷೆ ಇನ್ನೂ ಉಳಿದಿದೆಯೇ?

1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಕಡ್ಡಾಯವಾಯಿತು. ಮೂರು ತಲೆಮಾರು ಕಳೆಯುವಷ್ಟರಲ್ಲಿ, 1980ರ ದಶಕದ ಆರಂಭಕ್ಕೆ, ಆ ಭಾಷೆಯಾಡುವ ಮಕ್ಕಳು ಐವತ್ತೂ ಇರಲಿಲ್ಲ. ಅವರಲ್ಲೂ ಹೆಚ್ಚಿನವರು ನೀಹಾವುವಿನವರು. 1864ರಿಂದ ಒಂದೇ ಕುಟುಂಬದ ಖಾಸಗಿ ಸ್ವತ್ತಾಗಿರುವ, ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿದ ಆ ದ್ವೀಪದಲ್ಲಿ ಮನೆಮಾತು ತಪ್ಪಲೇ ಇಲ್ಲ. 1978ರಲ್ಲಿ ಇಂಗ್ಲಿಷ್ ಜೊತೆಗೆ ಹವಾಯಿ ಭಾಷೆಗೂ ಅಧಿಕೃತ ಸ್ಥಾನ ಸಿಕ್ಕಿತು. 1984ರಲ್ಲಿ ಕೆಲವು ಪೋಷಕರು, ಶಿಕ್ಷಕರು ಸೇರಿ ಪುನಾನಾ ಲಿಯೊ ಎಂಬ ಶಿಶುವಿಹಾರ ತೆರೆದರು. ಅಲ್ಲಿ ಬಾಗಿಲು ದಾಟಿದ ಮೇಲೆ ಹವಾಯಿ ಭಾಷೆ ಬಿಟ್ಟು ಬೇರೆ ಇಲ್ಲ. ಆಗ ಸರ್ಕಾರಿ ಶಾಲೆಗಳಲ್ಲಿ ಅದರಲ್ಲಿ ಪಾಠ ಮಾಡುವುದಕ್ಕೆ ಕಾನೂನಿನ ಅಡ್ಡಿ ಇತ್ತು, ಹೋರಾಡಿ ತೆಗೆಸಿದರು. ಇಂದು ಶಿಶುವಿಹಾರದಿಂದ ಪಿಎಚ್‌.ಡಿ.ವರೆಗೆ ಆ ಭಾಷೆಯಲ್ಲಿ ಓದಬಹುದು. ಕನ್ನಡ ಮಾಧ್ಯಮದ ಬಗ್ಗೆ ಭಾಷಣ ಮಾಡುವವರು ಹಿಲೋಗೆ ಒಮ್ಮೆ ಹೋಗಿಬರಲಿ ಎನಿಸುತ್ತದೆ, ಬೀಚಿಗಲ್ಲ.

ಹುಲಾ ಎಂದರೆ ಹುಲ್ಲಿನ ಲಂಗದ ಕುಣಿತವೇ?

ಅದು ಹೋಟೆಲಿನವರ ಹುಲಾ. ಮೂಲದಲ್ಲಿ ಮಂತ್ರದ ಸಾಹಿತ್ಯವೇ ಜೀವ. ಕೈ, ಕಾಲು, ಕಣ್ಣು ಅದನ್ನು ಹೇಳುತ್ತವೆ. ಬರಹವಿಲ್ಲದ ಕಾಲದಲ್ಲಿ ವಂಶಾವಳಿ, ಸ್ಥಳಪುರಾಣ ಉಳಿದದ್ದು ಅದರಲ್ಲೇ. ಗುರುವಿನ ಬಳಿ ವರ್ಷಗಟ್ಟಲೆ ಕಲಿಯಬೇಕು. 1830ರಲ್ಲಿ ರಾಣಿ ಕಅಹುಮನು ಸಾರ್ವಜನಿಕವಾಗಿ ಹುಲಾ ಮಾಡುವುದನ್ನು ನಿಷೇಧಿಸಿದಳು. ಐವತ್ತು ವರ್ಷದ ಬಳಿಕ ದೊರೆ ಕಲಾಕೌವಾ ಅರಮನೆಗೇ ಕರೆತಂದ. ಅವನ ಹೆಸರಿನಲ್ಲಿ ಹಿಲೋದಲ್ಲಿ ಈಸ್ಟರ್ ನಂತರದ ವಾರ ನಡೆಯುವ ಮೆರಿ ಮೊನಾರ್ಕ್ ಉತ್ಸವದ ಟಿಕೆಟ್ ಸಿಗುವುದು ಬಲು ಕಷ್ಟ. ಟಿ.ವಿ.ಯಲ್ಲಿ ಪ್ರಸಾರವಾಗುತ್ತದೆ.

ಲಹೈನಾದ ಆಲದ ಮರ ಬದುಕಿದೆಯೇ?

ಬದುಕಿದೆ. 1873ರಲ್ಲಿ ಭಾರತದಿಂದ ತರಿಸಿ ನೆಟ್ಟ ಸಸಿ ಅದು. ಬಿಳಲಿಳಿಸಿ ಇಡೀ ಚೌಕವನ್ನೇ ಆವರಿಸಿತ್ತು. 2023ರ ಆಗಸ್ಟ್ 8ರಂದು ಲಹೈನಾ ಪಟ್ಟಣ ಒಂದೇ ದಿನದಲ್ಲಿ ಸುಟ್ಟುಹೋಗಿ ನೂರರಷ್ಟು ಜನ ಸತ್ತರು. ಮರವೂ ಕರಿಕಾಯಿತು. ನೀರು, ಗೊಬ್ಬರ ಹಾಕಿ ಆರೈಕೆ ಮಾಡಿದಾಗ ಕೆಲವೇ ವಾರಗಳಲ್ಲಿ ಚಿಗುರಿತು, ಕೆಲವು ಭಾಗ ಸತ್ತಿತು. ಬೆಂಕಿ ಅಷ್ಟು ವೇಗ ಪಡೆದದ್ದಕ್ಕೆ ಬಿರುಗಾಳಿ ಒಂದು ಕಾರಣ. ಇನ್ನೊಂದು, ಕಬ್ಬಿನ ತೋಟಗಳು ಮುಚ್ಚಿದ ಮೇಲೆ ಆ ಇಳಿಜಾರುಗಳನ್ನು ತುಂಬಿದ್ದ ಹೊರಗಿನ ಹುಲ್ಲು, ಒಣಗಿ ನಿಂತದ್ದು.

ಮೌನಾ ಕೇಯಾದ ದೂರದರ್ಶಕದ ವಿವಾದ ಏನು? ಬೆಂಗಳೂರಿಗೂ ಅದಕ್ಕೂ ಏನು ಸಂಬಂಧ?

ಮೋಡಕ್ಕಿಂತ ಮೇಲಿರುವ, ಒಣ, ಕತ್ತಲ ಶಿಖರ; ಹತ್ತಕ್ಕೂ ಹೆಚ್ಚು ದೂರದರ್ಶಕಗಳು ಈಗಾಗಲೇ ಇವೆ. ಅಲ್ಲೇ ಮೂವತ್ತು ಮೀಟರ್ ಕನ್ನಡಿಯ ಟಿಎಂಟಿ ಕಟ್ಟುವ ಯೋಜನೆಯಲ್ಲಿ ಭಾರತವೂ ಪಾಲುದಾರ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮುಂಚೂಣಿಯಲ್ಲಿದೆ, ಕನ್ನಡಿಯ ಕೆಲವು ತುಂಡುಗಳಿಗೆ ಹೊಳಪು ಕೊಡುವ ಘಟಕ ಹೊಸಕೋಟೆಯಲ್ಲಿದೆ. ಆದರೆ ಆ ಶಿಖರ ಹವಾಯಿ ಜನರಿಗೆ ಪವಿತ್ರ. 2019ರ ಜುಲೈನಲ್ಲಿ ರಸ್ತೆಗೆ ಅಡ್ಡ ಕುಳಿತ ಅಜ್ಜ ಅಜ್ಜಿಯರನ್ನು ಪೊಲೀಸರು ಬಂಧಿಸಿದ ದೃಶ್ಯ ಎಲ್ಲೆಡೆ ಹರಡಿತು. ಯೋಜನೆ ನಿಂತಲ್ಲೇ ನಿಂತಿದೆ. ವಿಜ್ಞಾನಕ್ಕೂ ಧರ್ಮಕ್ಕೂ ಜಗಳ ಎಂದು ಬರೆಯುವುದು ಸುಲಭ. 1893ರಿಂದ ಕೇಳದೆ ತೆಗೆದುಕೊಂಡ ನೆಲದ ಲೆಕ್ಕ ಅದು ಎಂದು ಅಲ್ಲಿ ಕುಳಿತವರು ಹೇಳಿದರು. ಅವರ ಮಾತೇ ಸರಿ ಎಂದು ನನಗೆ ತೋರುತ್ತದೆ.

ಬೆಂಗಳೂರಿನ ಕಲ್ಲು ಮಾತ್ರ ಅಲ್ಲಿಗೆ ತಲುಪಿದೆ. ಕವಾಯಿಯ ಶೈವ ಮಠದ ಇರೈವನ್ ದೇವಾಲಯದ ಗ್ರಾನೈಟ್ ಭಾಗಗಳನ್ನು ಬೆಂಗಳೂರಿನ ಬಳಿಯ ಶಿಬಿರದಲ್ಲಿ ಉಳಿಯಿಂದ ಕೆತ್ತಿ, ಹಡಗಿನಲ್ಲಿ ಕಳುಹಿಸಿ ಜೋಡಿಸಿದರು. 2023ರಲ್ಲಿ ಕುಂಭಾಭಿಷೇಕವಾಯಿತು.

ಕೊನೆಯದಾಗಿ, ಏನು ಒಯ್ಯಬಹುದು, ಏನು ತರಬಹುದು?

ಹಸಿ ಕರಿಬೇವು, ಹಣ್ಣು, ಬೀಜ, ಹೂವು, ಮಣ್ಣು ಒಯ್ಯಬೇಡಿ. ಅಮೆರಿಕದ ಮುಖ್ಯಭೂಮಿಯಿಂದ ಹೊರಟರೂ ಹವಾಯಿಗೆ ಇಳಿಯುವ ಮುನ್ನ ಕೃಷಿ ಘೋಷಣಾ ಪತ್ರ ತುಂಬಬೇಕು. ಹಾವು ಸಾಕಿದರೆ ಮೂರು ವರ್ಷದವರೆಗೆ ಜೈಲು, ಎರಡು ಲಕ್ಷ ಡಾಲರ್‌ವರೆಗೆ ದಂಡ; ಇಷ್ಟು ಹೊತ್ತು ಓದಿದವರಿಗೆ ಆ ಕಟ್ಟುನಿಟ್ಟು ವಿಪರೀತ ಎನಿಸಲಾರದು. ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಳದ ಹಿತಕ್ಕಾಗಿ 2021ರಿಂದ ನಿಲ್ಲಿಸಿದ್ದಾರೆ, ಸತುವಿನ ಆಕ್ಸೈಡ್ ಇರುವುದನ್ನು ಕೊಳ್ಳಿ. ಮರಳುವಾಗ ಕೋನಾ ಕಾಫಿ ತನ್ನಿ. ದುಬಾರಿ, ಚಿಕ್ಕಮಗಳೂರಿನವರು ಮೂಗು ಮುರಿಯಬಹುದು. ‘ಕೋನಾ ಬ್ಲೆಂಡ್’ ಎಂದಿದ್ದರೆ ಅದರಲ್ಲಿ ಕೋನಾ ಹತ್ತನೇ ಒಂದು ಪಾಲಷ್ಟೇ ಇರುವುದೂ ಉಂಟು, ಡಬ್ಬಿಯ ಸಣ್ಣ ಅಕ್ಷರ ಓದಿ. ಲಾವಾ ಕಲ್ಲು ತರಬೇಡಿ. ರಾಷ್ಟ್ರೀಯ ಉದ್ಯಾನದಿಂದ ಕಲ್ಲೆತ್ತುವುದು ಅಪರಾಧ. ಪೆಲೆ ಕಾಡುತ್ತಾಳೆಂದು ಹೆದರಿ, ಒಯ್ದ ಕಲ್ಲನ್ನು ಅಂಚೆಯಲ್ಲಿ ವಾಪಸ್ ಕಳಿಸುವವರು ಇದ್ದೇ ಇದ್ದಾರೆ. ಅಂಚೆ ವೆಚ್ಚ ಅವರದೇ.